ಬೆನ್ನು ತಿರುಗಿಸಿ ಹೊರಟ ಅಕ್ಕತಂಗಿಯರು

ಲೋಕ ಇನ್ನೂ ಹೊಸದಾಗಿದ್ದ ಕಾಲ. ಯಾರಿಗೆ ಯಾವ ಜಾಗ ಎಂದು ಹಂಚಿಕೆ ನಡೆಯುತ್ತಿತ್ತು. ಮೀನಿಗೆ ನೀರು ಸಿಕ್ಕಿತು, ಹಕ್ಕಿಗೆ ಆಕಾಶ ಸಿಕ್ಕಿತು. ಇರುವೆಗಳು ಸಾಲಿನ ಕೊನೆಯಲ್ಲಿ ನಿಂತಿದ್ದವು. ಅವುಗಳ ಪಾಲಿಗೆ ಬಂದದ್ದು ಒಂದು ಬೂದುಗುಂಬಳಕಾಯಿ.

ನಗಬೇಡ ಇಂಚರಾ. ಆಕಾಶ ಎಲ್ಲಿ ಮುಗಿಯುತ್ತದೆ ಅಜ್ಜಿ ಎಂದು ಬೆಳಿಗ್ಗೆಯಿಂದ ನನ್ನ ಜೀವ ತಿಂದವಳು ನೀನು, ಈಗ ಕುಂಬಳಕಾಯಿ ಎಂದರೆ ನಗುತ್ತೀಯ. ಮಜ್ಜಿಗೆಹುಳಿಗೆ ನಾನೀಗ ಹೆಚ್ಚಬೇಕಾದ ಈ ಕಾಯಿಗಿಂತ ಅದು ಬಹಳ ದೊಡ್ಡದು. ಚೆಂಡಿನ ಹಾಗೆ ದುಂಡಗಿತ್ತು. ಮೈಮೇಲೆಲ್ಲ ಹೀಗೇ ಬಿಳಿ ಬೂದಿ. ನಡೆದರೆ ಹೆಜ್ಜೆಯ ಗೆರೆ ಮೂಡುತ್ತಿತ್ತು.

ಆ ಕುಂಬಳಕಾಯಿ ಲೋಕದಲ್ಲಿ ಸಿಂಗಿ, ತಿಮ್ಮಿ ಎಂಬ ಇಬ್ಬರು ಅಕ್ಕತಂಗಿಯರು. ತಂಗಿ ತಿಮ್ಮಿಗೆ ಒಂದು ಕಾಲು ಊನ. ಹಾಗಾಗಿ ಅಕ್ಕ ಸಿಂಗಿಯೇ ಉದುರಿದ ಹೂಗಳಿಂದ ಜೇನು ಹೀರಿಕೊಂಡು ಬಂದು, ತಂಗಿಯ ಬಾಯಿಗೆ ಹನಿ ಹನಿಯಾಗಿ ಕೊಡುತ್ತಿದ್ದಳು. ಇಬ್ಬರಿಗೂ ಮುಂದೆ ಗೊತ್ತಿತ್ತು, ಹಿಂದೆ ಗೊತ್ತಿತ್ತು, ಎಡ ಬಲ ಗೊತ್ತಿತ್ತು. ‘ಮೇಲೆ’ ಎಂಬುದೊಂದಿದೆ ಎಂದು ಮಾತ್ರ ಗೊತ್ತಿರಲಿಲ್ಲ.

ಒಂದು ದಿನ ಸಿಂಗಿ ಹೇಳಿದಳು, “ಈ ಲೋಕಕ್ಕೆ ಎಲ್ಲೋ ಒಂದು ಅಂಚು ಇದ್ದೇ ಇರುತ್ತೆ. ಅಲ್ಲಿ ಕಾಲಿಟ್ರೆ ಬಿದ್ದೇ ಹೋಗ್ತೀವಿ.”

“ಅಂಚೂ ಇಲ್ಲ ಗಿಂಚೂ ಇಲ್ಲ. ಎಷ್ಟು ನಡೆದ್ರೂ ಹೊಸ ಜಾಗ ಸಿಗ್ತಾನೇ ಇರುತ್ತೆ,” ಎಂದಳು ತಿಮ್ಮಿ.

“ನಾಲ್ಕು ಹೆಜ್ಜೆ ನಡೆಯೋಕಾಗದೋಳು! ನಿನಗೇನೇ ಗೊತ್ತು?”

ಆ ಮಾತು ಆಡಬಾರದಿತ್ತು. ತಿಮ್ಮಿಗೆ ತುಂಬಾ ನೋವಾಯಿತು. “ಹೋಗು, ನಿನ್ನ ಜೊತೆ ಟೂ. ಇನ್ನು ನಿನ್ನ ಮುಖ ನೋಡಲ್ಲ,” ಎಂದಳು. “ನನಗೂ ನಿನ್ನ ಮುಖ ಬೇಡ,” ಎಂದಳು ಸಿಂಗಿ. ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ನಿಂತು ಪಂತ ಕಟ್ಟಿದರು: ನೇರವಾಗಿ ಹೋಗಬೇಕು, ಹಿಂದಕ್ಕೆ ತಿರುಗಿದವಳು ಸೋತಂತೆ. ಸಿಟ್ಟು ಬಂದಾಗ ಇರುವೆಗೂ ನಿನಗೂ ನನಗೂ ಬುದ್ಧಿ ಒಂದೇ.

ಇದನ್ನೆಲ್ಲ ನೋಡುತ್ತಿದ್ದ ಗಾಳಿ, “ಅಯ್ಯೋ ಹುಚ್ಚಿಯರಾ, ಒಂದು ಸಲ ಮೇಲಿಂದ ನೋಡಿ,” ಎಂದಿತು.

“ಮೇಲೆ ಅಂದ್ರೆ ಎಲ್ಲಿ? ಎಡಕ್ಕೋ ಬಲಕ್ಕೋ?” ಎಂದು ಕೇಳಿದಳು ತಿಮ್ಮಿ.

ಹೊರಟರು. ಸಿಂಗಿ ಬಿರಬಿರನೆ, ತಿಮ್ಮಿ ಕುಂಟುತ್ತಾ.

ಎರಡನೆಯ ದಿನಕ್ಕೆ ಸಿಂಗಿಯ ಸಿಟ್ಟು ಇಳಿಯಿತು. ಹೊಟ್ಟೆಯಲ್ಲಿ ಜೇನು ತುಂಬಿತ್ತು, ಅದರಲ್ಲಿ ತಂಗಿಯ ಪಾಲೂ ಇತ್ತು. ‘ಪಾಪ, ಏನು ತಿಂದಳೋ ಏನೋ. ಅವಳಿಗೆ ಕೊಡುವವರು ಯಾರಿದ್ದಾರೆ?’ ಎಂದು ಸಂಕಟವಾಯಿತು. ತಿರುಗಲೇ ಎಂದುಕೊಂಡಳು. ತಿರುಗಿದರೆ ಸೋಲು. ಒಂದೊಂದು ಹೆಜ್ಜೆಗೂ ತಂಗಿ ಇನ್ನಷ್ಟು ದೂರವಾಗುತ್ತಿದ್ದಾಳೆ ಎಂದು ಅಳುತ್ತಲೇ ನಡೆದಳು. ಹಟಮಾರಿ, ತಿರುಗಲಿಲ್ಲ.

ಮೂರನೆಯ ದಿನ ಮಧ್ಯಾಹ್ನ, ಎದುರಿಗೆ ಬೂದಿಯಲ್ಲಿ ಏನೋ ಬಿದ್ದಿರುವುದು ಕಂಡಿತು. ಹತ್ತಿರ ಹೋದಳು. ಪುಟ್ಟ ಮೈ, ಮಡಚಿಕೊಂಡ ಒಂದು ಕಾಲು.

“ತಿಮ್ಮೀ!”

ತಿಮ್ಮಿಗೆ ಮೀಸೆ ಅಲುಗಿಸುವಷ್ಟೂ ಶಕ್ತಿ ಇರಲಿಲ್ಲ. ಸಿಂಗಿ ಬಾಯಿಗೆ ಬಾಯಿ ತಾಗಿಸಿ ಒಂದು ಹನಿ ಕೊಟ್ಟಳು, ಇನ್ನೊಂದು ಹನಿ ಕೊಟ್ಟಳು, ಮತ್ತೂ ಒಂದು ಕೊಟ್ಟಳು. ಎಷ್ಟೋ ಹೊತ್ತಿನ ಮೇಲೆ ತಿಮ್ಮಿಯ ಮೀಸೆ ಅಲ್ಲಾಡಿತು. ಮಾತು ಬಂದ ಕೂಡಲೇ ಅವಳು ಹೇಳಿದ್ದೇನು ಗೊತ್ತೇ?

“ತಿರುಗಿ ಬಂದ್ಯಾ ಅಕ್ಕಾ? ಸೋತೆ ನೀನು!”

“ನಾನೆಲ್ಲೇ ತಿರುಗಿದೆ? ನೀನೇ ತಿರುಗಿರೋದು!”

ಮತ್ತೆ ಶುರುವಾಗುತ್ತಿತ್ತು. ಅಷ್ಟರಲ್ಲಿ ಗಾಳಿ, “ಬೂದಿ ನೋಡ್ರಮ್ಮಾ,” ಎಂದಿತು. ನೋಡಿದರು. ಸಿಂಗಿಯ ಹೆಜ್ಜೆಯ ಗೆರೆ ನೆಟ್ಟಗಿತ್ತು. ತಿಮ್ಮಿಯದೂ ನೆಟ್ಟಗಿತ್ತು. ಯಾರೂ ತಿರುಗಿರಲಿಲ್ಲ.

“ಅಂಚು ಸಿಗಲೇ ಇಲ್ಲ,” ಎಂದಳು ಸಿಂಗಿ ಮೆಲ್ಲಗೆ.

“ಕೊನೆಯೇ ಇಲ್ಲ ಅನ್ನೋದೂ ಸುಳ್ಳಾಯ್ತು,” ಎಂದಳು ತಿಮ್ಮಿ.

ಇಬ್ಬರೂ ಹೇಳಿದ್ದು ತಪ್ಪಾಗಿತ್ತು. ಲೋಕ ಹಾಗೇಕೆ ಎಂದು ಅವರಿಗೆ ಕೊನೆಗೂ ತಿಳಿಯಲಿಲ್ಲ, ಕಾಯಿ ದುಂಡಗೆ ಬಾಗಿದ್ದು ಅವರಿಗೆ ಗೊತ್ತಿಲ್ಲದ ಆ ಮೇಲೆ ಕೆಳಗಿನ ದಿಕ್ಕಿಗೆ ತಾನೇ? ಆದರೆ ಇರುವೆಗಳೆಲ್ಲ ಸೇರಿ ಒಂದು ಪದ್ಧತಿ ಮಾಡಿಕೊಂಡವು. ಎದುರಿಗೆ ಸಿಕ್ಕವರ ಹೊಟ್ಟೆ ಮೊದಲು ವಿಚಾರಿಸಬೇಕು, ವಾದ ಆಮೇಲೆ.

ನಿನ್ನ ಆಕಾಶದ ವಿಷಯ ನನಗೆ ಗೊತ್ತಿಲ್ಲ ಮಗಳೇ. ಅದೂ ಹೀಗೆ ಬಾಗಿದೆಯೇ ಎಂದು ತಿಳಿದವರು ಕಣ್ಣು ಹೋಗುವಷ್ಟು ದೂರ ಅಳೆದು ನೋಡಿದ್ದಾರಂತೆ, ಬಾಗಿದ್ದು ಇನ್ನೂ ಕಂಡಿಲ್ಲವಂತೆ. ಚಪ್ಪಟೆಯೇ ಇರಬಹುದು. ಇಲ್ಲವೇ ಆ ಇರುವೆಗಳ ಹಾಗೆ ನಮಗೂ ಒಂದು ದಿಕ್ಕು ಗೊತ್ತಿಲ್ಲದೆ ಇರಬಹುದು. ಸುಳ್ಳು ಹೇಳಲಾರೆ.

ಆದರೆ ಅಗೋ, ಅಡುಗೆಕಟ್ಟೆಯ ಮೇಲೆ ನೋಡು: ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು ಬಂದ ಇರುವೆಗಳು ಇವತ್ತಿಗೂ ಒಂದು ಗಳಿಗೆ ನಿಂತು, ಮೂತಿಗೆ ಮೂತಿ ತಾಗಿಸಿ, “ಊಟ ಆಯ್ತಾ?” ಎಂದು ಕೇಳಿಯೇ ಮುಂದೆ ಹೋಗುತ್ತವೆ.