ಚುಕ್ಕಿ ಒಳಗೋ ಹೊರಗೋ

ಹೊಳೆದಂಡೆಯ ಆಶ್ರಮದಲ್ಲಿ ಇಬ್ಬರು ಶಿಷ್ಯರು ಒಂದು ಚುಕ್ಕಿಗಾಗಿ ಮಾತು ಬಿಡುವ ಹಂತಕ್ಕೆ ಬಂದಿದ್ದರು.

ಎಲ್ಲರೂ ಅಪ್ಪಾರು ಎಂದು ಕರೆಯುವ ಗುರುಗಳ ಮಾತುಗಳನ್ನು ಇಂಗ್ಲಿಷಿನಲ್ಲಿ ಪುಸ್ತಕ ಮಾಡುವವನು ಭಾರ್ಗವ. ತಿದ್ದುವವನು ಮಹಾಬಲ. ದುಃಖವೆಂಬುದು "ಕಡಲು ಸೇರಲೇಬೇಕಾದ ಹೊಳೆ" ಎಂದು ಗುರುಗಳು ದ್ಯಾಮವ್ವ ಎಂಬವಳಿಗೆ ಹೇಳಿದ್ದಾಗಿ ಕೊನೆಯ ಪುಟದಲ್ಲಿತ್ತು. ಇಂಗ್ಲಿಷಿನಲ್ಲಿ ಆ ಮಾತು ವಾಕ್ಯದ ತುದಿಗೆ ಬಂದಿತ್ತು. ಪೂರ್ಣವಿರಾಮದ ಚುಕ್ಕಿ ಉದ್ಧರಣ ಚಿಹ್ನೆಯ ಒಳಗಿರಬೇಕೋ ಹೊರಗೋ ಎಂಬುದೇ ಜಗಳ.

"ಅಮೆರಿಕದವರು ಒಳಗ ಇಡ್ತಾರ," ಎಂದ ಭಾರ್ಗವ.

"ಇಂಗ್ಲೆಂಡಿನವರು ಹೊರಗ ಇಡ್ತಾರ. ವಾಕ್ಯ ನಿಂದು, ಚುಕ್ಕಿನೂ ನಿಂದ. ಅದನ್ನೂ ಯಾಕ ಅಪ್ಪಾರ ಬಾಯಾಗ ತುರುಕ್ತಿ?" ಎಂದ ಮಹಾಬಲ.

ಭಾರ್ಗವ ಅವನ ಮುಖ ನೋಡಿದ. ಇವನಿಗೇನಾದರೂ ಗೊತ್ತಾಗಿದೆಯೇ?

ಇಬ್ಬರೂ ಆ ಹಾಳೆ ಹಿಡಿದು ತೀರ್ಪಿಗೆಂದು ಗುರುಗಳ ಬಳಿ ಹೋದರು. ಅವರು ಮೆಟ್ಟಿಲ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು.

"ಈ ಪುಟ ದ್ಯಾಮವ್ವನ ಮುಂದ ಓದೀಯೇನು?" ಎಂದರು.

ಯಾರ ವಿಷಯ ಬರೆದಿದೆಯೋ ಅವರೆದುರು ಓದದೆ ಒಂದು ಹಾಳೆಯೂ ಆಶ್ರಮದಿಂದ ಆಚೆ ಹೋಗುವಂತಿರಲಿಲ್ಲ. ಭಾರ್ಗವ ಉಳಿದೆಲ್ಲ ಓದಿದ್ದ. ಇದೊಂದನ್ನು ಬಿಟ್ಟಿದ್ದ.

"ಆಕಿಗೆ ಇಂಗ್ಲಿಷ್ ಬರೂದಿಲ್ಲ ಅಪ್ಪಾರ."

"ನಿನಗ ಕನ್ನಡ ಬರ್ತದಲ್ಲ."

ದ್ಯಾಮವ್ವ ಆಶ್ರಮಕ್ಕೆ ಮೊಸರು ತರುವವಳು. ಹೋದ ಮಳೆಗಾಲದಲ್ಲಿ ಅವಳ ಮಗ ಇದೇ ಹೊಳೆಯ ಪಾಲಾಗಿದ್ದ. ಅವಳು ಬಂದು ಗುರುಗಳೆದುರು ಕುಸಿದಾಗ ಅಲ್ಲಿದ್ದವನು ಭಾರ್ಗವನೊಬ್ಬನೇ. ಗುರುಗಳು ಅವಳ ಪಕ್ಕದಲ್ಲಿ ಕೂತು ತಾವೂ ಅತ್ತಿದ್ದರು. ಒಂದು ಮಾತೂ ಆಡಿರಲಿಲ್ಲ.

ಆದರೆ ಪುಸ್ತಕಕ್ಕೆ ಮಾತು ಬೇಕಿತ್ತು. ಭಾರ್ಗವ ತಾನೇ ಹೊಸೆದಿದ್ದ.

ಅಷ್ಟರಲ್ಲಿ ಬಂದ ದ್ಯಾಮವ್ವ ಮೊಸರಿನ ಗಡಿಗೆ ಇಳಿಸಿ ಕೂತಳು. ಭಾರ್ಗವ ಕನ್ನಡದಲ್ಲಿ ಹೇಳುತ್ತಾ ಹೋದ. ಗುರುಗಳು ತಡೆಯಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಹೊಳಿ ಅಂತ ಅಂದಿದ್ರೇನ್ರಿ?" ಎಂದಳು ಅವಳು ಮೆಲ್ಲಗೆ.

ಅವಳು ಗುರುಗಳತ್ತ ಕೈಮುಗಿದಳು.

"ತಪ್ಪಾತ್ರಿ ಅಪ್ಪಾರ. ನಿಮ್ಮ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ. ನೀವು ನನ್ನ ಬಾಜೂಕ ಕುಂತು ಅತ್ರಿ ಅಂತ ಅಷ್ಟ ನೆನಪೈತಿ. ಅದನ್ನ ನೆನಸ್ಕೊಂಡ ಇಷ್ಟು ದಿನ ಜೀವ ಹಿಡದೀನಿ." ಸೆರಗಿನಿಂದ ಮುಖ ಒರೆಸಿಕೊಂಡಳು. "ಅದೂ ನನ್ನ ಭ್ರಮಿನೇ ಇರಬೇಕು."

ಭಾರ್ಗವ ಹಾಳೆ ಮಡಿಚಿದ. ನಿಜ ಹೇಳಿದರೆ ಪುಸ್ತಕವೂ ಹೋಯಿತು, ಆಶ್ರಮದಲ್ಲಿ ತನ್ನ ಮಾನವೂ ಹೋಯಿತು. ಅವನಿಗೆ ಅವಳ ಮುಖ ನೋಡಲಾಗಲಿಲ್ಲ.

"ಅಪ್ಪಾರ, ಆ ಚುಕ್ಕಿ..." ಎಂದ. "ಒಳಗ ಇಡ್ಲೋ, ಹೊರಗ ಇಡ್ಲೋ?"

ಗುರುಗಳು ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿದರು.

"ಚುಕ್ಕಿ ಎಲ್ಲೂ ಓಡಿಹೋಗೂದಿಲ್ಲ. ಮೊದಲ ಈ ತಾಯಿಗೆ ಹೇಳು, ಆಕಿ ಕಿವಿ ಸರಿಯಾಗೇ ಅದಾವ ಅಂತ."