ಎರಡು ಕಾಲಿನ ಅಳತೆ

“ಗುರುಗಳೇ, ನಮ್ಮ ಊಟದ ಡಬ್ಬಿಯ ವ್ಯಾಪಾರಕ್ಕೆ ಒಂದು ವೆಬ್‌ಸೈಟ್ ಮಾಡಿಸಬೇಕೆಂದಿದ್ದೇನೆ. ಯಾವ ಪುಟದಲ್ಲಿ ಏನಿರಬೇಕೆಂದು ಬರೆದು ಹರಿದು ಸಾಕಾಗಿದೆ. ಮೊದಲು ಯೋಚಿಸಬೇಕಾದದ್ದು ಯಾವುದು?” ಎಂದು ಶಿಷ್ಯ ಕೇಳಿದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಹೇಳಿದರು:

ಒಬ್ಬ ಚಪ್ಪಲಿ ಮಾಡುವವನಿದ್ದ. ಅಳತೆಗೆ ತಕ್ಕಂತೆ ಚರ್ಮದ ಚಪ್ಪಲಿ ಹೊಲಿದುಕೊಡುತ್ತಿದ್ದ. ಅವನು ಒಳಗೆ ಕೆಲಸಕ್ಕೆ ಕೂತರೆ, ಹೆಂಡತಿ ಅಂಗಡಿಯ ಮುಂದೆ ಕೂತು ಬಂದವರ ಅಳತೆ ತೆಗೆಯುವಳು. ನೆಲದ ಮೇಲೆ ಕಾಗದ ಹಾಸಿ, ಬಲಗಾಲು ಇಡಿಸಿ ಸುತ್ತ ಗೆರೆ ಎಳೆಯುವಳು, ಆಮೇಲೆ ಎಡಗಾಲು. ಯಾರೇ ಬರಲಿ, ಎರಡೂ ಕಾಲಿನ ಅಳತೆ ತೆಗೆಯದೆ ಬಿಡುತ್ತಿರಲಿಲ್ಲ. ಗಂಡ ಆ ಕಾಗದ ನೋಡಿ ಅಟ್ಟೆ ಕತ್ತರಿಸುವನು. ಅದು ಯಾರ ಕಾಲು ಎಂದು ಕೇಳುವ ಗೋಜಿಗೆ ಹೋದವನಲ್ಲ.

ದೂರದೂರಿನವರೂ ಚಪ್ಪಲಿ ಕೇಳತೊಡಗಿದಾಗ ಅವನಿಗೆ ವೆಬ್‌ಸೈಟ್ ಬೇಕೆನಿಸಿತು. ಹೆಂಡತಿಗೆ ಗೊತ್ತಾಗದಂತೆ ಮಾಡಿಸಿ ತೋರಿಸಬೇಕೆಂಬ ಆಸೆ. ಹಾಗಾಗಿ ಎಲ್ಲವನ್ನೂ ಒಬ್ಬನೇ ಯೋಚಿಸಿದ. ಮೊದಲ ಪುಟಕ್ಕೆ ಅವಳ ಫೋಟೊ ಹಾಕಿಸಿದ. ಆರ್ಡರ್ ಮಾಡುವ ಪುಟ ಚೊಕ್ಕವಾಗಿರಲಿ ಎಂದು ಹೆಸರು, ವಿಳಾಸ, ಬಣ್ಣ, ಅಳತೆ, ಕೆಳಗೆ ಬೇರೇನಾದರೂ ತಿಳಿಸಲು ಒಂದಿಷ್ಟು ಜಾಗ, ಇಷ್ಟಕ್ಕೇ ನಿಲ್ಲಿಸಿದ.

ಹದಿನೆಂಟು ವರ್ಷ ಅವರಲ್ಲೇ ಚಪ್ಪಲಿ ಮಾಡಿಸಿಕೊಂಡಿದ್ದ ಶಿಕ್ಷಕಿಯೊಬ್ಬರು ವರ್ಗವಾಗಿ ಬೇರೆ ಜಿಲ್ಲೆಗೆ ಹೋಗಿದ್ದರು. ಮೊದಲ ಆರ್ಡರ್ ಅವರದೇ ಆಗಲಿ ಎಂದು ಎಲ್ಲರಿಗಿಂತ ಮುಂಚೆ ಅವರಿಗೆ ವೆಬ್‌ಸೈಟಿನ ಲಿಂಕ್ ಕಳಿಸಿದ. ಎರಡು ವಾರ ಕಳೆದರೂ ಆರ್ಡರ್ ಬರಲಿಲ್ಲ. ಫೋನ್ ಮಾಡಿದ. ತುಂಬಾ ಚೆನ್ನಾಗಿದೆ, ಸದ್ಯಕ್ಕೆ ಹಳೆಯ ಜೋಡಿಯೇ ಸಾಕು ಎಂದರು. ಅಷ್ಟು ವರ್ಷದ ಒಡನಾಟ ಮುಗಿಯಿತೆಂದು ಅವನಿಗೆ ನೋವಾಯಿತು. ಊಟ ಸೇರಲಿಲ್ಲ. ಹೆಂಡತಿ ಬಿಡದೆ ಕೇಳಿದಾಗ ಎಲ್ಲವನ್ನೂ ಹೇಳಿ, ಫೋನಿನಲ್ಲಿ ತೋರಿಸಿದ.

ಅವಳು ತನ್ನ ಫೋಟೊ ನೋಡಿ ನಾಚಿದಳು. ಮುಂದಿನ ಪುಟಕ್ಕೆ ಬಂದು ಅಲ್ಲೇ ನಿಂತಳು.

“ಅಳತೆಗೆ ಒಂದೇ ಜಾಗ ಇಟ್ಟಿದ್ದೀರಲ್ಲ?”

“ಎರಡು ಕಾಲು ಸಮ ಇಲ್ಲದವರು ಎಷ್ಟು ಜನ? ಅಂಥವರು ಬರೆದು ತಿಳಿಸಲಿ ಎಂದು ಕೆಳಗೆ ಜಾಗ ಬಿಟ್ಟಿದ್ದೇನೆ.”

“ಟೀಚರಿಗೆ ಎಡಗಾಲು ಚಿಕ್ಕದು,” ಎಂದಳು ಹೆಂಡತಿ. “ಹದಿನೆಂಟು ವರ್ಷದಲ್ಲಿ ಅವರು ಒಂದು ಸಲವೂ ಅದನ್ನು ಬಾಯಿಬಿಟ್ಟು ಹೇಳಿಲ್ಲ. ಹೇಳುವ ಹಾಗೆ ನಾನು ಮಾಡಲೂ ಇಲ್ಲ.”

ಅವಳು ಎಲ್ಲರದೂ ಎರಡೂ ಕಾಲಿನ ಅಳತೆ ತೆಗೆಯುತ್ತಿದ್ದುದು ಏಕೆಂದು ಅವನಿಗೆ ಆಗ ತಿಳಿಯಿತು. ಮರುದಿನ ಆ ಪುಟವನ್ನು ತಿದ್ದಿಸಿದ: ಯಾರೇ ಆಗಲಿ ಬಲಗಾಲಿನ ಅಳತೆ ಬೇರೆ, ಎಡಗಾಲಿನದು ಬೇರೆ ಬರೆಯಬೇಕು. ಉಳಿದ ಪುಟಗಳನ್ನು ಗಂಡ ಹೆಂಡತಿ ಒಟ್ಟಿಗೆ ಕೂತು ಮೊದಲಿನಿಂದ ಯೋಚಿಸಿದರು. ಆಮೇಲೆ, ಸ್ವಲ್ಪ ಬದಲಿಸಿದ್ದೇವೆ, ಇನ್ನೊಮ್ಮೆ ನೋಡಿ ಎಂದಷ್ಟೇ ಶಿಕ್ಷಕಿಗೆ ತಿಳಿಸಿದರು. ಆ ವಾರವೇ ಅವರ ಆರ್ಡರ್ ಬಂತು. ಎರಡು ಅಳತೆಗಳನ್ನೂ ತುಂಬಿದ್ದರು. ಕೊನೆಯಲ್ಲಿ, ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ ತಿಳಿಸಿ ಎಂದು ಬರೆದಿದ್ದರು.

ಶಿಷ್ಯನ ಮುಖ ಅರಳಿತು. “ತಿಳಿಯಿತು ಗುರುಗಳೇ. ನಾಳೆಯೇ ನನ್ನ ಗಿರಾಕಿಗಳನ್ನೆಲ್ಲ ಕಂಡು, ಅವರಿಗೆ ಏನೇನು ಬೇಕೆಂದು ಕೇಳಿ ಬರೆದುಕೊಳ್ಳುತ್ತೇನೆ.”

ಗುರುಗಳು ಅವನ ಬೆನ್ನು ಸವರಿದರು. “ಹೇಳಿದ್ದನ್ನು ಬರೆದುಕೊ ಮಗೂ, ಅವರು ಹೇಳಲಾರದ್ದನ್ನು ಯಾರನ್ನು ಕೇಳುತ್ತೀಯೆ?”