ಕೊರಡು ಹಾಯದ ಮೂಲೆ

ವರದಾ ನದಿಯ ದಂಡೆಯ ಆಶ್ರಮದಲ್ಲಿ ಚನ್ನವೀರಜ್ಜ ಎಂಬ ಗುರುಗಳಿದ್ದರು. ದೂರದ ಓಟ ಕಲಿಸುತ್ತಿದ್ದರು.

ಶಿಷ್ಯೆ ನೀಲಗಂಗಾ ಪೇಟೆಯವಳು. ಮ್ಯಾರಥಾನ್‌ಗೆ ರಾಜ್ಯ ತಂಡ ಆರಿಸುವ ದಿನ ಹತ್ತಿರ ಬರುತ್ತಿತ್ತು. ವಯಸ್ಸಿನ ಲೆಕ್ಕದಲ್ಲಿ ಅವಳಿಗೆ ಇದೇ ಕಡೆಯ ಅವಕಾಶ.

ಅವಳ ಕಾಲು ನೋಯುತ್ತಿರಲಿಲ್ಲ. ವೇಗವೂ ಏರುತ್ತಿರಲಿಲ್ಲ.

"ನಿನ್ನೆ ಗುಡ್ಡ ಹತ್ತಿಸಿದೆ," ಎಂದರು ಗುರುಗಳು. "ಇವತ್ತು ಎಲ್ಲಾರೂ ಕುಂಟಾಕತ್ತಾರ. ನೀ ಮಾತ್ರ ಮದುವಿ ಮನ್ಯಾಗ ಓಡಾಡಿದಂಗ ಓಡಾಡ್ತಿ. ಏನವ್ವಾ ಗುಟ್ಟು?"

ಅವಳು ಹೆಮ್ಮೆಯಿಂದ ಒಂದು ಡಬ್ಬಿ ತೋರಿಸಿದಳು.

"ಆ್ಯಂಟಿಆಕ್ಸಿಡೆಂಟ್ ಗುಳಗಿ ಅಜ್ಜಾ. ವಿಟಮಿನ್ ಸಿ, ಇ. ಓಡಿದ ಮ್ಯಾಲೆ ಮೈಯಾಗ ಏಳೋ ಉರಿನೆಲ್ಲ ಆರಿಸ್ತಾವ. ದಿನಾ ಮುಷ್ಟಿಗಟ್ಟಲೆ ನುಂಗ್ತೀನ್ರಿ."

"ಎಲ್ಲಾ ಆರಿಸ್ತಾವ?"

"ಎಲ್ಲಾ!"

"ನಾಳೆ ಓಟ ಬ್ಯಾಡ. ಹೊಲಕ್ಕ ಬಾ."

ಆಶ್ರಮದ ಹೊಲದಲ್ಲಿ ರಾಗಿಯ ಎಳೆ ಪೈರು ಗೇಣುದ್ದ ನಿಂತಿತ್ತು. ಗುರುಗಳು ಎತ್ತುಗಳಿಗೆ ಕೊರಡು ಕಟ್ಟಿದರು. ಆ ಮರದ ದಿಮ್ಮಿಯನ್ನು ಪೈರಿನ ಮೇಲೆಯೇ ಎಳೆಸಿದರು. ಸಾಲು ಸಾಲಾಗಿ ರಾಗಿ ನೆಲಕ್ಕೆ ಮಲಗಿತು.

"ಅಜ್ಜಾ, ನಿಲ್ಲಸ್ರಿ! ಸಾಯ್ತಾವ!" ಅವಳು ಎತ್ತುಗಳ ಮುಂದೆ ಹೋಗಿ ನಿಂತಳು.

"ಅಲ್ಲಾ, ಎತ್ತಿಗಾದ್ರೂ ಹೆದರಬಾರದೇನವ್ವಾ," ಎಂದು ಗುರುಗಳು ನಕ್ಕರು. "ಆತು, ಆ ಮೂಲಿ ಬಿಟ್ಟೆ. ಅದು ನಿಂದು."

ಅವಳು ಉಳಿದ ಹೊಲದ ಕಡೆ ತಿರುಗದೆ ತನ್ನ ಮೂಲೆಯನ್ನಷ್ಟೇ ದಿನವೂ ನೋಡಿ ಬಂದಳು. ಒಂದು ಎಲೆಯೂ ಬಾಗಿರಲಿಲ್ಲ.

ಕೆಲವು ವಾರಗಳಾದ ಮೇಲೆ ಗುರುಗಳು ಮತ್ತೆ ಹೊಲಕ್ಕೆ ಕರೆದರು.

ಮಲಗಿದ್ದ ರಾಗಿ ಎದ್ದಿತ್ತು. ಒಂದೊಂದು ಬುಡವೂ ತೆಂಡೆ ಒಡೆದು, ಹೊಸ ಕವಲು ಬಿಟ್ಟು ಪೊದೆಯಂತೆ ಹರಡಿತ್ತು. ಅವಳ ಮೂಲೆಯಲ್ಲಿ ಒಂಟಿ ಕಡ್ಡಿಗಳು ನೆಟ್ಟಗೆ ನಿಂತಿದ್ದವು.

ನೀಲಗಂಗಾ ಬಗ್ಗಿ ಎರಡೂ ಕಡೆಯ ಬುಡಗಳನ್ನು ಮುಟ್ಟಿ ನೋಡಿದಳು.

"ಗುಳಗಿ ನುಂಗಿ ನಾನೂ ಈ ಮೂಲಿ ಆಗೇನಲ್ರಿ. ಹಂಗಾದ್ರ ದಿನಾ ಗುಡ್ಡ ಹತ್ತಲೇನ್ರಿ?"

"ದಿನಾ ಕೊರಡು ಹೊಡದ್ರ ಹೊಲ ಉಳಿತೈತೇನು ಹುಚ್ಚಿ? ಹೊಡದು ಬಿಡಬೇಕು. ಏಳಾಕ ಪುರಸೊತ್ತು ಕೊಡಬೇಕು."

"ಈಗ ಗುಳಗಿ ಬಿಟ್ಟರ ಕಾಲು ಹಿಡಕೋತಾವ ಅಜ್ಜಾ. ಆಯ್ಕೆ ತಪ್ಪಿದ್ರ?"

"ಓಡೋ ಕಾಲು ನಿನ್ನವು. ನೀನ ನೋಡು."

"ವಿಟಮಿನ್ ಇರೋ ಹಣ್ಣೂ ಬಿಡಬೇಕೇನ್ರಿ?"

"ಪ್ಯಾರಲಹಣ್ಣು ಏನು ಪಾಪ ಮಾಡೇತಿ? ತಿನ್ನು. ಹೊಟ್ಟಿ ತುಂಬ ಉಣ್ಣು, ಕಣ್ಣು ತುಂಬ ನಿದ್ದಿ ಮಾಡು."

ಅವಳು ಡಬ್ಬಿ ಮುಚ್ಚಿಟ್ಟಳು.

ಮುಂದಿನ ಗುಡ್ಡದೋಟದ ಮರುದಿನ ಗೋಡೆ ಹಿಡಿದು ನಡೆದಳು. ಮೆಟ್ಟಿಲನ್ನು ಕೂತುಕೊಂಡೇ ಇಳಿದಳು. ಉಳಿದ ಶಿಷ್ಯರು, "ಬಾರವ್ವಾ, ನಮ್ಮ ಕುಂಟರ ಸಂಘಕ್ಕ ಬಾ," ಎಂದು ಚಪ್ಪಾಳೆ ತಟ್ಟಿದರು. ಅವಳಿಗೆ ಅಳು ಬಂತು, ನಗುವೂ ಬಂತು.

ಗುಡ್ಡ, ಆಮೇಲೆ ವಿಶ್ರಾಂತಿ. ಮತ್ತೆ ಗುಡ್ಡ.

ಆಯ್ಕೆಗೆ ಇನ್ನು ಸ್ವಲ್ಪ ದಿನವಿದ್ದಾಗ ಒಂದು ಬೆಳಗ್ಗೆ ಅವಳು ಗುರುಗಳ ಬಳಿ ಓಡಿ ಬಂದಳು.

"ಅಜ್ಜಾ, ನಿನ್ನೆ ಗುಡ್ಡದಾಗ ಎಲ್ಲಾರನೂ ಹಿಂದ ಹಾಕಿದೆ. ಇವತ್ತ ಕಾಲು ಹಗುರ ಅದಾವ! ಗುಳಗಿ ಮುಟ್ಟಿಲ್ಲ, ದೇವರಾಣಿ!"

"ಮತ್ತ ಯಾರು ವಾಸಿ ಮಾಡಿದ್ರು?"

ಅವಳು ಹಿಂದೆ ಮುಂದೆ ನೋಡಿದಳು. ತನ್ನ ಕಾಲು ನೋಡಿಕೊಂಡಳು.

"ಯಾರೂ ಇಲ್ಲಲ್ರಿ... ಕಾಲು ತಾವ ಎದ್ದಾವ, ರಾಗಿ ಎದ್ದಂಗ."

ಗುರುಗಳು ನಕ್ಕು ಹೇಳಿದರು: "ಆಯ್ಕೆಗೆ ಅವನ್ನ ಕರಕೊಂಡು ಹೋಗು."